ನಯಾಸಿನ್: ಜೀವಸತ್ತ್ವವೂ ಹೌದು, ಔಷಧವೂ ಹೌದು

ಅಕ್ಕಲಕೋಟೆ ಸೀಮೆಯ ವಾಚಕರೊಬ್ಬರು ಪತ್ರ ಬರೆದಿದ್ದಾರೆ. ಕೊಲೆಸ್ಟರಾಲಿಗೆಂದು ವೈದ್ಯರು ಕೊಟ್ಟ ಸ್ಟಾಟಿನ್ ಗುಳಿಗೆಯನ್ನು ಅವರ ಅಣ್ಣನವರು ನಿಲ್ಲಿಸಿ, ‘ಇದು ಬರಿಯ ವಿಟಮಿನ್, ಅಪಾಯವಿಲ್ಲ’ ಎಂದು ನಯಾಸಿನ್ ಗುಳಿಗೆಯನ್ನು ನುಂಗತೊಡಗಿದ್ದಾರಂತೆ. ಇದು ಸರಿಯೇ ಎಂಬುದು ಪ್ರಶ್ನೆ. ಸರಿಯಲ್ಲವೆಂದೇ ನಮ್ಮ ಉತ್ತರ. ಕಾರಣವನ್ನು ತುಸು ವಿಸ್ತರಿಸಿ ಹೇಳಬೇಕಾಗಿದೆ.

ನಯಾಸಿನ್ ಎಂದರೆ ಬಿ-3 ಜೀವಸತ್ತ್ವ. ನಿಕೋಟಿನಿಕ್ ಆಮ್ಲವೆಂಬ ಮೂಲ ಹೆಸರನ್ನು ಕೇಳಿದವರು ಹೊಗೆಸೊಪ್ಪಿನ ನಿಕೋಟಿನ್ ಎಂದು ಭ್ರಮಿಸಬಾರದೆಂದೇ ಈ ಹೆಸರನ್ನಿಟ್ಟರು. ಇದರ ಕೊರತೆಯಿಂದ ಪೆಲ್ಲಾಗ್ರ ರೋಗ ಬರುತ್ತದೆ: ಬಿಸಿಲು ತಾಗುವ ಚರ್ಮ ಕಪ್ಪಿಟ್ಟು ಬಿರಿಯುವುದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಜೋಳವುಣ್ಣುವ ನಮ್ಮ ಸೀಮೆಗೆ ಇದು ತೀರ ದೂರದ ಮಾತಲ್ಲ. ಜೋಳವನ್ನೇ ನಂಬಿದ ಬಡವರಲ್ಲಿ ಈ ರೋಗವೇಕೆ ಎಂದು ಹೈದರಾಬಾದಿನಲ್ಲಿ ಶೋಧಿಸಿದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಿಯ ಅವರು 1960ರಲ್ಲಿ ಜೋಳದಲ್ಲಿನ ಲ್ಯೂಸಿನ್ ಅಂಶದ ಕಡೆಗೆ ಬೆರಳು ತೋರಿದರು. ರೊಟ್ಟಿಯ ಜೊತೆಗೆ ಶೇಂಗಾ ಹಿಂಡಿ ತಿನ್ನುವ ಪದ್ಧತಿ ಎಷ್ಟು ಜಾಣತನದ್ದು ನೋಡಿ! ನೂರು ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ನಯಾಸಿನ್ ಉಂಟು. ವಯಸ್ಕರಿಗೆ ದಿನಕ್ಕೆ ಬೇಕಾಗುವುದು ಸುಮಾರು 15 ಮಿಲಿಗ್ರಾಂ ಮಾತ್ರ.

ಕೊಲೆಸ್ಟರಾಲಿನ ಕಥೆ ಬೇರೆ. ಅದನ್ನು ತಗ್ಗಿಸಲು ಬೇಕಾಗುವ ಪ್ರಮಾಣ ದಿನಕ್ಕೆ 1ರಿಂದ 3 ಗ್ರಾಂ, ಎಂದರೆ ಆಹಾರದ ಪ್ರಮಾಣಕ್ಕಿಂತ ನೂರು ಪಾಲಿನಷ್ಟು. ಈ ಗುಣವನ್ನು 1955ರಲ್ಲಿ ಆಲ್ಟ್‌ಶುಲ್, ಹಾಫರ್ ಮತ್ತು ಸ್ಟೀಫನ್ ಎಂಬ ಸಂಶೋಧಕರು ಪ್ರಕಟಿಸಿದರು. ಸ್ಟಾಟಿನ್‌ಗಳಿಲ್ಲದ ಆ ಕಾಲದಲ್ಲಿ ಇದರಿಂದ ಪ್ರಯೋಜನವಾದದ್ದೂ ನಿಜ: ಅಮೆರಿಕದ ಒಂದು ದೊಡ್ಡ ಪರೀಕ್ಷೆಯ 1975ರ ವರದಿಯಲ್ಲಿ, ಒಮ್ಮೆ ಹೃದಯಾಘಾತವಾದವರಿಗೆ ಅದು ಮರುಕಳಿಸುವುದು ಕಡಿಮೆಯಾಗಿತ್ತು. ಆದರೆ ಸ್ಟಾಟಿನ್ ಬಂದ ಮೇಲೆ ಲೆಕ್ಕ ಬದಲಾಯಿತು. 2014ರಲ್ಲಿ ಪ್ರಕಟವಾದ, 25,673 ಮಂದಿಯ ಪರೀಕ್ಷೆಯಲ್ಲಿ, ಸ್ಟಾಟಿನ್ ಜೊತೆಗೆ ನಯಾಸಿನ್ ಕೊಟ್ಟಾಗ ರಕ್ತಪರೀಕ್ಷೆಯ ಅಂಕಿಗಳು ಚೆನ್ನಾದವು. ಹೃದಯಾಘಾತ, ಪಾರ್ಶ್ವವಾಯುಗಳು ಮಾತ್ರ ಗಣನೀಯವಾಗಿ ತಗ್ಗಲಿಲ್ಲ. ಮಧುಮೇಹ, ಸೋಂಕು, ರಕ್ತಸ್ರಾವಗಳು ಹೆಚ್ಚಾದವು. ಅಂಕಿ ಸುಧಾರಿಸಿದೊಡನೆ ರೋಗಿಯೂ ಸುಧಾರಿಸಿದನೆಂದು ತಿಳಿಯಲಾಗದು. ಪರೀಕ್ಷೆಯ ಗುರುತುಗಳನ್ನೇ ವಿದ್ಯೆಯೆಂದು ಭ್ರಮಿಸುವ ಪಾಲಕರನ್ನು ನಿತ್ಯವೂ ಕಾಣುವ ನಮಗೆ ಇದು ಹೊಸದೆನಿಸಲಿಲ್ಲ.

ನಡೆದಾಗ ಮೀನಖಂಡ ಹಿಡಿದುಕೊಳ್ಳುವವರಿಗೆ, ಚಳಿಗೆ ಬೆರಳು ಬಿಳಚುವವರಿಗೆ ರಕ್ತಸಂಚಾರ ಹೆಚ್ಚಿಸಲೆಂದು ಇನೋಸಿಟಾಲ್ ನಿಕೋಟಿನೇಟ್ ಎಂಬ ರೂಪವನ್ನು ಕೊಡುವುದುಂಟು. ನಡಿಗೆಯ ನೋವಿಗೆ ಇದನ್ನು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಕ ಸಂಸ್ಥೆಯು 2011ರಲ್ಲಿ ಶಿಫಾರಸು ಮಾಡಲಿಲ್ಲ. ಅಂಥ ನೋವಿಗೆ ಬೀಡಿ ಬಿಡುವುದೂ ದಿನವೂ ಕ್ರಮವಾಗಿ ನಡೆಯುವುದೂ ಮೊದಲ ಚಿಕಿತ್ಸೆ.

ಗುಳಿಗೆ ನುಂಗಿದ ಸ್ವಲ್ಪ ಹೊತ್ತಿನಲ್ಲೇ ಮುಖ, ಎದೆ ಕೆಂಪೇರಿ ಉರಿಯುವುದುಂಟು. ಅದು ಹೆದರಿಸುತ್ತದೆ, ಸಾಮಾನ್ಯವಾಗಿ ಅಪಾಯಕರವಲ್ಲ. ಅಪಾಯವಿರುವುದು ಯಕೃತ್ತಿಗೆ, ಅದರಲ್ಲಿಯೂ ನಿಧಾನವಾಗಿ ಕರಗುವ ಗುಳಿಗೆಗಳಿಂದ. ಸಕ್ಕರೆಯೂ ಯೂರಿಕ್ ಆಮ್ಲವೂ ಏರಬಹುದು. ಆದ್ದರಿಂದ ಮಧುಮೇಹ, ಗೌಟ್, ಹೊಟ್ಟೆಹುಣ್ಣು, ಯಕೃತ್ತಿನ ತೊಂದರೆ ಇರುವವರು ವೈದ್ಯರಿಗೆ ತಿಳಿಸದೆ ಇದನ್ನು ಮುಟ್ಟಲೇಬಾರದು.

ಅಣ್ಣನವರು ಗುಳಿಗೆಯ ಡಬ್ಬಿಯನ್ನೂ ಹಳೆಯ ಚೀಟಿಯನ್ನೂ ಹಿಡಿದು ಈ ವಾರವೇ ತಮ್ಮ ವೈದ್ಯರನ್ನು ಕಾಣಲಿ. ಸ್ಟಾಟಿನ್‌ನಿಂದ ಮೈಕೈ ನೋವಿತ್ತೆಂದಾದರೆ ಅದನ್ನೂ ಹೇಳಲಿ. ಪ್ರಮಾಣವನ್ನೋ ಔಷಧವನ್ನೋ ಬದಲಿಸಲು ಬರುತ್ತದೆ. ಅಷ್ಟರೊಳಗೆ ಕಣ್ಣು ಹಳದಿಯಾದರೆ, ಮೂತ್ರ ಕಡುವರ್ಣಕ್ಕೆ ತಿರುಗಿದರೆ, ಊಟ ಸೇರದೆ ಓಕರಿಕೆ ಬಂದರೆ, ವಾರ ಕಾಯದೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು.