ಹಿತ್ತಿಲ ಮಾತು: ಮೊದಲು ಎಲೆಯನ್ನು ಮಗುಚಿ ನೋಡಿರಿ

ಕಳೆದ ಬೇಸಿಗೆಯ ಮಾತು. ನಮ್ಮ ಹಿತ್ತಿಲಲ್ಲಿ ಆರು ಮೆಣಸಿನ ಗಿಡಗಳಿದ್ದವು. ದಿನದ ಒಗ್ಗರಣೆಗೆ ಬೇಕಾದ ಹಸಿ ಮೆಣಸಿನಕಾಯಿಯನ್ನು ನಾವು ಪೇಟೆಯಿಂದ ತಂದವರಲ್ಲ. ಒಂದು ಮುಂಜಾನೆ ನೋಡಿದರೆ ತುದಿಯ ಎಲೆಗಳೆಲ್ಲ ಮುದುಡಿಕೊಂಡಿದ್ದವು. ಗಿಡಕ್ಕೆ ಗೊಬ್ಬರ ಸಾಲದೆಂದು ಬಗೆದು ಬುಡಕ್ಕೆ ಯೂರಿಯಾ ಹಾಕಿದೆವು. ವಾರ ಕಳೆಯುವುದರೊಳಗೆ ಎಲೆಗಳು ಮೊದಲಿಗಿಂತ ಹೆಚ್ಚು ಮುದುಡಿದವು.

ನಮ್ಮ ಚಿಂತೆಯನ್ನು ಕಂಡ ಪರಿಚಿತರೊಬ್ಬರು ಹೊಲಕ್ಕೆ ಸಿಂಪಡಿಸಿ ಉಳಿದಿದ್ದ ಔಷಧಿಯನ್ನು ತಂಪು ಪಾನೀಯದ ಹಳೆಯ ಬಾಟಲಿಯಲ್ಲಿ ತಂದುಕೊಟ್ಟರು. ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಬಕೆಟ್ಟು ತರಲು ಹೋದೆವು. ಮರಳಿ ಬರುವಷ್ಟರಲ್ಲಿ ನಾಲ್ಕು ವರ್ಷದ ಮೊಮ್ಮಗಳು ಅದನ್ನು ಶರಬತ್ತೆಂದು ತಿಳಿದು ಮುಚ್ಚಳ ತಿರುಗಿಸುತ್ತಿದ್ದಳು. ಸೊಸೆಯ ಕಣ್ಣಿಗೆ ಬಿದ್ದುದರಿಂದ ಅನಾಹುತ ತಪ್ಪಿತು. ಆ ಹೊತ್ತಿನ ನಡುಕ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಇದು ಬರಿಯ ಅಂಜಿಕೆಯ ಮಾತಲ್ಲ. ಮಾನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗಳಿಗೆ ಬಳಸಕೂಡದೆಂದು ಕೇಂದ್ರ ಸರಕಾರವು 2005ರಲ್ಲಿಯೇ ಆಜ್ಞೆ ಹೊರಡಿಸಿತ್ತು. ಅದೇ ವಿಷವು ಅಡುಗೆಯ ಎಣ್ಣೆಯಲ್ಲಿ ಸೇರಿ 2013ರ ಜುಲೈ ತಿಂಗಳಲ್ಲಿ ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಉಂಡ 23 ಮಕ್ಕಳು ಪ್ರಾಣ ಕಳೆದುಕೊಂಡರು.

ಅಂದು ಸೊಸೆ ನಮಗೆ ಕೇಳಿದ್ದು ಒಂದೇ ಮಾತು: “ಮಾವನವರೆ, ರೋಗ ಯಾವುದೆಂದು ತಿಳಿಯುವ ಮೊದಲೇ ಔಷಧಿ ಏಕೆ?” ನಮ್ಮಲ್ಲಿ ಉತ್ತರವಿರಲಿಲ್ಲ. ಇಬ್ಬರೂ ಗಿಡದ ಬಳಿ ಕುಳಿತು ಎಲೆಗಳನ್ನು ಮಗುಚಿ ನೋಡಿದೆವು. ಅಂದು ಕಂಡುದನ್ನೂ ಬಳಿಕ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನೂ ಓದುಗರ ಮುಂದಿಡುತ್ತೇವೆ.

ನಮ್ಮ ಕಡೆಯ ರೈತರು ಮುಟುರು ರೋಗವೆಂದು ಕರೆಯುವುದು ಒಂದೇ ರೋಗವಲ್ಲ. ಎಲೆಯ ಅಂಚುಗಳು ಮೇಲ್ಮುಖವಾಗಿ ದೋಣಿಯಂತೆ ಮಡಚಿಕೊಂಡಿದ್ದರೆ ಅದು ಥ್ರಿಪ್ಸ್ ನುಸಿಯ ಕೆಲಸ. ರೆಂಬೆಯ ಕೆಳಗೆ ಬಿಳಿಯ ಹಾಳೆ ಹಿಡಿದು ಮೆಲ್ಲನೆ ತಟ್ಟಿರಿ. ಎಳ್ಳಿಗಿಂತ ಸಣ್ಣ ಹುಳುಗಳು ಹಾಳೆಯ ಮೇಲೆ ಹರಿದಾಡಿದರೆ ಸಂಶಯ ಬೇಡ. ಹೂಗಳನ್ನೂ ಬಿಡಿಸಿ ನೋಡಬೇಕು. 2021-22ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕಗಳ ಮೆಣಸಿನ ಹೊಲಗಳನ್ನು ಹಾಳುಗೆಡವಿದ, ಹೊರದೇಶದಿಂದ ಬಂದ ಥ್ರಿಪ್ಸ್ ಹೂವಿನೊಳಗೇ ಸೇರಿಕೊಳ್ಳುವಂಥದು.

ಎಲೆಯು ಕೆಳಮುಖವಾಗಿ, ಬೋರಲು ಹಾಕಿದ ದೋಣಿಯಂತೆ ಬಾಗಿ, ತೊಟ್ಟು ಉದ್ದವಾಗಿದ್ದರೆ ಅದು ಮೈಟ್ ನುಸಿ. ಇದು ಬರಿಗಣ್ಣಿಗೆ ಕಾಣುವುದು ಕಷ್ಟ, ಭೂತಗನ್ನಡಿ ಬೇಕು. ಎಂಟು ಕಾಲಿನ ಈ ಜೀವಿ ಕೀಟಗಳ ಜಾತಿಗೆ ಸೇರಿದ್ದಲ್ಲ. ಆದಕಾರಣ ಎಷ್ಟೋ ಕೀಟನಾಶಕಗಳು ಇದಕ್ಕೆ ತಾಗುವುದಿಲ್ಲ. ಬದಲಾಗಿ ಇದನ್ನು ತಿಂದು ಬದುಕುವ ಉಪಕಾರಿ ಜೀವಿಗಳನ್ನೇ ಕೊಲ್ಲುತ್ತವೆ.

ಎಲೆಗಳು ತೀರ ಸಣ್ಣವಾಗಿ ಗೊಂಚಲುಗಟ್ಟಿ, ಹಳದಿ ತಿರುಗಿ, ಗಿಡವೇ ಗಿಡ್ಡಾಗಿ ನಿಂತಿದ್ದರೆ ಅದು ಬಿಳಿನೊಣ ಹರಡುವ ನಂಜು ರೋಗ. ಇದಕ್ಕೆ ಔಷಧಿಯಿಲ್ಲ. ಮನಸ್ಸು ಗಟ್ಟಿಮಾಡಿ ಗಿಡವನ್ನು ಕಿತ್ತು ಸುಡುವುದೇ ಉಳಿದ ಗಿಡಗಳಿಗೆ ಮಾಡುವ ಉಪಕಾರ.

ಥ್ರಿಪ್ಸ್ ಮತ್ತು ಬಿಳಿನೊಣಗಳಿಗೆ ಬೇವಿನ ಬೀಜದ ಕಷಾಯ ಮನೆಯಲ್ಲಿಯೇ ಆಗುತ್ತದೆ. 50 ಗ್ರಾಂ ಬೀಜದ ತಿರುಳನ್ನು ಕುಟ್ಟಿ ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಯಿಟ್ಟು, ಬಟ್ಟೆಯಲ್ಲಿ ಸೋಸಿ, ಚಿಟಿಕೆ ಸಾಬೂನಿನ ಪುಡಿ ಬೆರೆಸಿ ಸಂಜೆಯ ಹೊತ್ತು ಎಲೆಯ ಅಡಿಭಾಗಕ್ಕೆ ತಗಲುವಂತೆ ಸಿಂಪಡಿಸಬೇಕು. ಹುಳುಗಳು ಅಡಗುವುದು ಅಲ್ಲಿಯೇ. ಮೈಟ್ ನುಸಿಗೆ ಲೀಟರಿಗೆ 3 ಗ್ರಾಂ ನೀರಿನಲ್ಲಿ ಬೆರೆಯುವ ಗಂಧಕ ಸಾಕು. ಆದರೆ ಸುಡುಬಿಸಿಲಿನಲ್ಲಿ ಗಂಧಕ ಸಿಂಪಡಿಸಬಾರದು, ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೂ ಬಾರದು, ಎಲೆ ಸುಟ್ಟುಹೋಗುತ್ತದೆ.

ಹುಳುವೇ ಇಲ್ಲದ ತೊಂದರೆಗಳೂ ಉಂಟು. ಕಡುಬೇಸಿಗೆಯಲ್ಲಿ ಹೂ ಉದುರಿದರೆ ಬಿಸಿಲೇ ಕಾರಣವಿರಬಹುದು; ಮಧ್ಯಾಹ್ನ ನೆರಳು ಮಾಡಿದರೆ ಗಿಡ ಸುಧಾರಿಸಿಕೊಳ್ಳುತ್ತದೆ. ಗಿಡ ಸೊಂಪಾಗಿ ಬೆಳೆದೂ ಕಾಯಿ ಕಚ್ಚದಿದ್ದರೆ ಸಾರಜನಕದ ಗೊಬ್ಬರ ಮಿತಿಮೀರಿದೆ ಎಂದು ತಿಳಿಯಿರಿ. ಗಿಡ ಬಾಡಿದೊಡನೆ ನೀರು ಸುರಿಯುವುದೂ ತಪ್ಪು. ಮೊದಲು ಬೆರಳನ್ನು ಎರಡಂಗುಲ ಮಣ್ಣಿಗಿಳಿಸಿ ನೋಡಿರಿ. ಒಣಗಿದ್ದರೆ ನೀರು ಕೊಡಿ. ಮಣ್ಣು ಹಸಿಯಾಗಿದ್ದೂ ಗಿಡ ಬಾಡಿದ್ದರೆ ಬೇರು ಕೊಳೆಯುತ್ತಿರಬಹುದು; ಆಗ ನೀರು ನಿಲ್ಲಿಸಿ, ಕುಂಡದ ತಳದ ತೂತು ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಹಣ್ಣಾದ ಕಾಯಿಯ ಮೇಲೆ ತಗ್ಗಾದ ದುಂಡು ಕಲೆಗಳಿದ್ದರೆ ಅದು ಕಾಯಿ ಕೊಳೆ ರೋಗ. ಅಂಥ ಕಾಯಿಯ ಬೀಜವನ್ನು ಮುಂದಿನ ಸಸಿಗೆ ಎತ್ತಿಡಬೇಡಿರಿ, ರೋಗವು ಬೀಜದೊಡನೆ ಸಾಗಿಬರುತ್ತದೆ.

ನಮ್ಮ ಗಿಡಗಳಲ್ಲಿ ನಾಲ್ಕಕ್ಕೆ ಥ್ರಿಪ್ಸ್ ತಗಲಿತ್ತು, ಎರಡಕ್ಕೆ ನಂಜು ರೋಗ. ನಾವು ಹಾಕಿದ ಯೂರಿಯಾ ಎಳೆಯ ಚಿಗುರನ್ನು ಹೆಚ್ಚಿಸಿ ರಸ ಹೀರುವ ಹುಳುಗಳಿಗೆ ಔತಣ ನೀಡಿತ್ತು. ಎರಡನ್ನು ಕಿತ್ತು ಸುಟ್ಟೆವು. ನಾಲ್ಕಕ್ಕೆ ವಾರಕ್ಕೊಮ್ಮೆಯಂತೆ ಮೂರು ಸಲ ಬೇವಿನ ಕಷಾಯ ಹೊಡೆದೆವು. ತಿಂಗಳಾಗುವಷ್ಟರಲ್ಲಿ ಹೊಸ ಚಿಗುರು ನೆಟ್ಟಗೆ ಬಂದಿತು. ಆ ಬಾಟಲಿಯನ್ನು ತಂದವರಿಗೇ ಮರಳಿಸಿ, ಇನ್ನು ಮುಂದೆ ಯಾರಿಗೂ ಹೀಗೆ ಕೊಡಬಾರದೆಂದು ಕೈಮುಗಿದು ಕೇಳಿಕೊಂಡೆವು.

ತಾಯಂದಿರಲ್ಲಿಯೂ ಹಿರಿಯರಲ್ಲಿಯೂ ನಮ್ಮ ವಿನಂತಿ ಇಷ್ಟೆ. ಹೊಲದ ವಿಷವು ಅದರ ಮೂಲ ಡಬ್ಬಿಯಲ್ಲಿ, ಬೀಗದೊಳಗೆ, ಮಕ್ಕಳ ಕೈಗೆಟುಕದಂತೆ ಇರಲಿ. ಉಣ್ಣುವ ಕುಡಿಯುವ ಪಾತ್ರೆ ಬಾಟಲಿಗಳಿಗೆ ಅದನ್ನು ಎಂದೂ ಸುರಿಯಬೇಡಿರಿ. ಎರಡು ಮೆಣಸಿನ ಗಿಡ ಒಣಗಿದರೆ ಮತ್ತೆ ನೆಡಬಹುದು. ಗಿಡ ಮುದುಡಿದಾಗ ಅಂಗಡಿಗೆ ಓಡುವ ಮೊದಲು ಎಲೆಯನ್ನೊಮ್ಮೆ ಮಗುಚಿ ನೋಡಿರಿ.