ಸ್ಯಾಂಪಲ್ ಅಂದರೆ ಎಷ್ಟು ಪೀಸು?

ಹೇರೋಹಳ್ಳಿಯಲ್ಲಿ ನಾನು ಓದಿದ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಎಂಟು ಹಳೆಯ ಕಂಪ್ಯೂಟರ್‌ಗಳಿದ್ದವು. ಪಾಠ ಮುಗಿದು ಹತ್ತು ನಿಮಿಷ ಉಳಿದರೆ ‘ಪ್ರಿನ್ಸ್ ಆಫ್ ಪರ್ಷಿಯಾ’. ಕೀ ಒತ್ತುವವನು ಒಬ್ಬ, ಬೆನ್ನ ಹಿಂದೆ ನಿಂತು ‘ಹಾರೋ, ಹಾರೋ’ ಎಂದು ಕಿರುಚುವವರು ನಾಲ್ವರು. ಬಿಳಿ ಬಟ್ಟೆಯ ಹುಡುಗ ಮುಳ್ಳಿನ ಗುಂಡಿಗೆ ಬಿದ್ದು ಸತ್ತರೆ ಸರದಿ ಮುಂದಿನವನದು. ಅರವತ್ತು ನಿಮಿಷದೊಳಗೆ ರಾಜಕುಮಾರಿಯನ್ನು ಬಿಡಿಸಬೇಕು ಅನ್ನುವುದು ಆಟದ ನಿಯಮ. ನಮಗೆ ಸಿಗುತ್ತಿದ್ದದ್ದೇ ಹತ್ತು ನಿಮಿಷ. ಹಾಗಾಗಿ ಏಳನೇ ತರಗತಿ ಮುಗಿಯುವವರೆಗೂ ಆ ರಾಜಕುಮಾರಿ ಸೆರೆಯಲ್ಲೇ ಇದ್ದಳು.

ಕಳೆದ ವರ್ಷ ಬಿ.ಕಾಂ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಗೆಳೆಯನೊಬ್ಬ ಒಂದು ಸ್ಪರ್ಧೆಯ ಪೋಸ್ಟರ್ ಕಳಿಸಿದ. ನಿಮ್ಮಿಷ್ಟದ ಹಳೆಯ ಗೇಮ್ ಕನ್ನಡ ಸಿನಿಮಾ ಆದರೆ ಹೇಗಿರುತ್ತದೆ, ಒಂದು ಪುಟದಲ್ಲಿ ಬರೆದು ಕಳಿಸಿ ಎಂದಿತ್ತು. ಬಹುಮಾನ ಒಂದು ಹೆಡ್‌ಫೋನ್, ಒಂದು ಸರ್ಟಿಫಿಕೇಟ್. ಇಂಟರ್‌ವ್ಯೂ ಕರೆ ಬಾರದ ದಿನಗಳು, ಕುಳಿತು ಬರೆದೆ.

ಬರೆಯುವ ಮುಂಚೆ ಆಟದ ಹಿಂದಿನ ಕಥೆ ಓದಿದೆ. ಅಲ್ಲೇ ಸಿಕ್ಕಿಹಾಕಿಕೊಂಡೆ. ಅಮೆರಿಕದ ಜೋರ್ಡನ್ ಮೆಕ್ನರ್ ಆಗಿನ್ನೂ ಇಪ್ಪತ್ತೊಂದು ದಾಟಿದ ಹುಡುಗ. 1985ರಲ್ಲಿ ತಮ್ಮ ಡೇವಿಡ್‌ಗೆ ಬಿಳಿ ಬಟ್ಟೆ ತೊಡಿಸಿ, ಓಡಿಸಿ, ಹಾರಿಸಿ, ಗೋಡೆ ಹತ್ತಿಸಿ ವಿಡಿಯೊ ತೆಗೆದರು. ಆ ಚಲನೆಯನ್ನು ಒಂದೊಂದೇ ಚಿತ್ರವಾಗಿ ಕಂಪ್ಯೂಟರ್‌ಗೆ ಇಳಿಸಿದರು. ಸಂಗೀತ ಅವರ ತಂದೆಯದು. ಆಟ ಹೊರಬಂದದ್ದು 1989ರಲ್ಲಿ. ಅಂದರೆ ನಾವು ಗುಂಡಿಗೆ ಬೀಳಿಸಿ ಕೊಲ್ಲುತ್ತಿದ್ದದ್ದು ಯಾರದೋ ಮನೆಯ ತಮ್ಮನನ್ನು!

ಇನ್ನೂ ಸೊಗಸಾದದ್ದು ನೆರಳಿನ ಸಂಗತಿ. ಆಪಲ್ ಕಂಪ್ಯೂಟರಿನ ಪುಟ್ಟ ಮೆಮೊರಿಯಲ್ಲಿ ಹೊಸ ಶತ್ರುವಿನ ಚಿತ್ರ ಬರೆಯಲು ಜಾಗವೇ ಉಳಿದಿರಲಿಲ್ಲ. ಮೆಕ್ನರ್ ನಾಯಕನ ಚಿತ್ರಗಳನ್ನೇ ತುಸು ಬದಲಿಸಿ ಮತ್ತೆ ಬಳಸಿದರು. ಹುಡುಗ ಕನ್ನಡಿಯನ್ನು ಹಾದು ಹಾರಿದಾಗ ಅವನ ನೆರಳು ಬೇರ್ಪಟ್ಟು ಓಡಿಹೋಗುತ್ತದೆ. ಅವನು ಕುಡಿಯಬೇಕಾದ ಔಷಧವನ್ನು ಅದೇ ಕುಡಿಯುತ್ತದೆ. ಕೊನೆಯಲ್ಲಿ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ಅದಕ್ಕೆ ಹೊಡೆದರೆ ಪೆಟ್ಟು ಬೀಳುವುದು ನಮಗೇ. ಕತ್ತಿಯನ್ನು ಒರೆಗೆ ಸೇರಿಸಿ ಸುಮ್ಮನೆ ಅದರತ್ತ ನಡೆದರೆ ಇಬ್ಬರೂ ಒಂದಾಗುತ್ತಾರೆ. ಇಷ್ಟು ಚೆಂದದ ದೃಶ್ಯ ಕೈಯಲ್ಲಿದ್ದೂ 2010ರ ಹಾಲಿವುಡ್ ಸಿನಿಮಾ, 2003ರ ‘ಸ್ಯಾಂಡ್ಸ್ ಆಫ್ ಟೈಮ್’ ಆಟವನ್ನು ಹಿಡಿದು ಕಾಲ ಹಿಂದಕ್ಕೆ ತಿರುಗಿಸುವ ಬಾಕಿನ ಹಿಂದೆ ಹೋಯಿತು. ನನಗೆ ಈಗಲೂ ಬೇಜಾರಿದೆ.

ನನ್ನ ಪುಟದಲ್ಲಿ ಹುಡುಗ ಹೇರೋಹಳ್ಳಿ ಕ್ರಾಸ್‌ನಲ್ಲಿ ಬಸ್ ಹತ್ತುತ್ತಾನೆ. ಇಂಟರ್‌ವ್ಯೂಗೆ ಅರವತ್ತು ನಿಮಿಷವಿದೆ. ಮಾಗಡಿ ರಸ್ತೆಯ ಟ್ರಾಫಿಕ್ ಯಾವ ಅರಮನೆಯ ನೆಲಮಾಳಿಗೆಗೂ ಕಡಿಮೆಯಲ್ಲ. ಸುಂಕದಕಟ್ಟೆ ದಾಟುವಾಗ ಕಿಟಕಿ ಗಾಜಿನಲ್ಲಿ ತನ್ನನ್ನೇ ನೋಡಿಕೊಳ್ಳುತ್ತಾನೆ. ಸುಮನಹಳ್ಳಿಯಲ್ಲಿ ಅವನ ಹಾಗೇ ಇರುವ ಇನ್ನೊಬ್ಬ ಇಳಿದು, ಬೇರೆ ಬಸ್ಸು ಹಿಡಿದು, ಅದೇ ಇಂಟರ್‌ವ್ಯೂಗೆ ಮೊದಲೇ ತಲುಪುತ್ತಾನೆ. ಕೊನೆಗೆ ಕುರ್ಚಿ ಎರಡು, ಕೆಲಸ ಒಂದು.

ಎರಡು ವಾರಕ್ಕೆ ಮೇಲ್ ಬಂತು. ಎರಡನೇ ಸುತ್ತಿಗೆ ಆಯ್ಕೆಯಾಗಿದ್ದೀರಿ, ವಾರದೊಳಗೆ ಹದಿನೆಂಟು ದೃಶ್ಯಗಳನ್ನು ಸಂಭಾಷಣೆ ಸಮೇತ ಬರೆದು ಕಳಿಸಿ. ಜತೆಗೊಂದು ಫಾರ್ಮ್: ಕಥೆ, ಪಾತ್ರ, ಮಾತು ಎಲ್ಲದರ ಹಕ್ಕೂ ಶಾಶ್ವತವಾಗಿ ಆಯೋಜಕರದು, ಹಣ ಕೇಳುವಂತಿಲ್ಲ, ಕೆಳಗೆ ಸಹಿ. ಖುಷಿಯಲ್ಲಿ ನಾನು ಫಾರ್ಮ್ ಪೂರ್ತಿ ಓದಿರಲಿಲ್ಲ. ಅಮ್ಮನಿಗೆ ಓದಿ ಹೇಳುವಾಗಲೇ ಓದಿದ್ದು. ಅಮ್ಮ ಮನೆಗೆ ಬಟ್ಟೆ ತಂದು ಪೀಸ್ ಲೆಕ್ಕದಲ್ಲಿ ಹೊಲಿಯುತ್ತಾಳೆ. ಮಷಿನ್ ನಿಲ್ಲಿಸಿ ಕೇಳಿದಳು:

‘ಸ್ಯಾಂಪಲ್‌ಗೆ ಅಂತ ಒಂದು ಪೀಸ್ ನಾವೂ ಹೊಲಿದು ಕೊಡ್ತೀವಿ ಕಣೋ. ಹದಿನೆಂಟು ಕೇಳಿದ್ರೆ ಅದು ಸ್ಯಾಂಪಲ್ಲಾ?’

ಕೆಲಸ ಹುಡುಕುವವರಿಗೆ ಈ ಪ್ರಶ್ನೆ ಹೊಸದಲ್ಲ. ಇಂಟರ್‌ವ್ಯೂಗೂ ಮುಂಚೆ ‘ಚಿಕ್ಕ ಅಸೈನ್‌ಮೆಂಟ್’ ಎಂದು ಮೂರು ದಿನದ ಕೆಲಸ ಮಾಡಿಸಿಕೊಂಡು ಆಮೇಲೆ ಫೋನ್ ಎತ್ತದವರನ್ನು ನಮ್ಮಲ್ಲಿ ಎಷ್ಟು ಜನ ಕಂಡಿಲ್ಲ? ಅಲ್ಲಿ ನಮ್ಮ ಅಗತ್ಯ, ಇಲ್ಲಿ ನಮ್ಮ ಅಭಿಮಾನ. ಎರಡಕ್ಕೂ ಕೂಲಿ ಇಲ್ಲ.

ಪೋಸ್ಟರ್ ಕಳಿಸಿದ ಗೆಳೆಯ ಒಪ್ಪಲಿಲ್ಲ. ‘ಮಗಾ, ರಾಜಕುಮಾರನೇ ನಿನ್ನವನಲ್ಲ. ನಿನಗೆಂಥ ಹಕ್ಕು?’ ಮಾತು ಸರಿಯೇ. ಆದರೆ ಅವನು ಆಯೋಜಕರ ರಾಜಕುಮಾರನೂ ಅಲ್ಲವಲ್ಲ. ಅವರು ಸಹಿ ಕೇಳಿದ್ದು ನಾನು ಸೇರಿಸಿದ್ದಕ್ಕೆ ಮಾತ್ರ: ಆ ಬಸ್ಸು, ಆ ಗಾಜು, ಆ ಎರಡು ಕುರ್ಚಿ.

ಕಾನೂನು ಏನನ್ನುತ್ತದೆ ಎಂದು ಹುಡುಕಿದೆ. ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಅದನ್ನು ಕಟ್ಟಿದ ರೀತಿಗೆ ಇದೆ ಎಂದು ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಎಂಬ ನಾಟಕಕಾರರ ಪ್ರಕರಣದಲ್ಲಿ ಹೇಳಿದೆ. ಒಂದು ಪುಟದ ಕಥೆ ಐಡಿಯಾಕ್ಕೆ ಹತ್ತಿರ. ಸಂಭಾಷಣೆಯಿರುವ ಹದಿನೆಂಟು ದೃಶ್ಯ ಹಾಗಲ್ಲ, ಅದು ಕಟ್ಟಿದ ಮನೆ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಬರೆದ ಕೂಡಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಅದನ್ನು ಬೇರೆಯವರಿಗೆ ಕೊಡಬೇಕಾದರೆ ಲಿಖಿತವಾಗಿ, ಸಹಿ ಹಾಕಿಯೇ ಕೊಡಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ ಎಂದು ಲೆಕ್ಕ. ಆ ಫಾರ್ಮ್‌ನಲ್ಲಿ ‘ಶಾಶ್ವತವಾಗಿ’ ಎಂಬ ಪದ ಯಾಕಿತ್ತೆಂದು ಆಗ ಅರ್ಥವಾಯಿತು.

ಸಹಿಯ ಬೆಲೆ ಎಷ್ಟೆಂದು ತಿಳಿಯಲು ಇನ್ನೊಂದು ಹಳೆಯ ಆಟವನ್ನು ನೋಡಬಹುದು. ‘ಟೆಟ್ರಿಸ್’ ರೂಪಿಸಿದ ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಮಾಸ್ಕೋದಲ್ಲಿ ಸರ್ಕಾರಿ ನೌಕರ. ಹಕ್ಕನ್ನು ಹತ್ತು ವರ್ಷಕ್ಕೆ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಜಗತ್ತೆಲ್ಲ ಆ ಇಟ್ಟಿಗೆಗಳನ್ನು ಜೋಡಿಸುತ್ತಿದ್ದಾಗ ಅವರಿಗೆ ರಾಯಲ್ಟಿ ಸಿಗಲಿಲ್ಲ. ಅದು ಶುರುವಾದದ್ದು 1996ರಲ್ಲಿ. 2023ರಲ್ಲಿ ಬಂದ ‘ಟೆಟ್ರಿಸ್’ ಸಿನಿಮಾದ ಕಥೆಯೇ ಈ ಹಕ್ಕಿನ ಜಗಳ. ಮೆಕ್ನರ್ ಮಾತ್ರ ತಮ್ಮ ರಾಜಕುಮಾರನ ಹಕ್ಕನ್ನು ಕೈಬಿಟ್ಟಿರಲಿಲ್ಲ. ಇಪ್ಪತ್ತೊಂದು ವರ್ಷದ ಮೇಲೆ ಸಿನಿಮಾ ಬಂದಾಗ ಪರದೆಯ ಮೇಲೆ ಕಥೆಗೆ ಅವರದೇ ಹೆಸರು. (ನನಗೆ ಬೇಜಾರಾದ ಸಿನಿಮಾ ಅದೇ. ಏನು ಮಾಡುವುದು!)

ಸ್ಪರ್ಧೆಗಳೇ ಬೇಡ ಅನ್ನುತ್ತಿಲ್ಲ. ಈ ಸ್ಪರ್ಧೆ ಇಲ್ಲದಿದ್ದರೆ ನಾನು ಒಂದು ದೃಶ್ಯವನ್ನೂ ಬರೆಯುತ್ತಿರಲಿಲ್ಲ. 2013ರಲ್ಲಿ ಪವನ್ ಕುಮಾರ್ ‘ಲೂಸಿಯಾ’ವನ್ನು ಪ್ರೇಕ್ಷಕರಿಂದಲೇ ಹಣ ಸೇರಿಸಿ ಮಾಡಿದರು. ಅಭಿಮಾನಿಯ ದುಡ್ಡಿಗೆ ಲೆಕ್ಕ ಇಡಬಹುದಾದರೆ ಅಭಿಮಾನಿಯ ಕಥೆಗೂ ಇಡಬಹುದು. ಒಂದು ಪುಟ ಉಚಿತವಾಗಿ ಕೇಳಿ, ಕೊಡುತ್ತೇವೆ. ಹದಿನೆಂಟು ದೃಶ್ಯ ಬೇಕಿದ್ದರೆ ಸಂಭಾವನೆ ಎಷ್ಟು, ಹಕ್ಕು ಎಷ್ಟು ಕಾಲ, ಹೆಸರು ಎಲ್ಲಿ ಅನ್ನುವುದು ಪೋಸ್ಟರಿನಲ್ಲೇ ಇರಲಿ, ಮೊದಲ ಸುತ್ತು ಗೆದ್ದ ಖುಷಿಯ ಬೆನ್ನಿಗೆ ಬರುವ ಫಾರ್ಮ್‌ನಲ್ಲಲ್ಲ.

ಇದನ್ನೇ ವಿನಯದಿಂದ ಬರೆದು ಕಳಿಸಿದೆ. ಉತ್ತರ ಬರಲಿಲ್ಲ. ಹೆಡ್‌ಫೋನ್ ಯಾರಿಗೆ ಹೋಯಿತೋ.

ಹದಿನೆಂಟು ದೃಶ್ಯಗಳಲ್ಲಿ ಈಗ ಹನ್ನೊಂದು ಮುಗಿದಿವೆ, ನನ್ನ ನೋಟ್‌ಬುಕ್‌ನಲ್ಲಿ. ಪರ್ಷಿಯಾ ಹೋಯಿತು, ರಾಜಕುಮಾರನೂ ಹೋದ. ಬಸ್ಸು ಉಳಿದಿದೆ. ಬಿಡಲು ಮನಸ್ಸಾಗದೇ ಇಟ್ಟುಕೊಂಡಿರುವುದು ಒಂದು ಇಲಿಯನ್ನು: ಆಟದಲ್ಲಿ ಹುಡುಗ ಬಾಗಿಲಾಚೆ ಸಿಕ್ಕಿಬಿದ್ದಾಗ ರಾಜಕುಮಾರಿ ಕಳಿಸುವ ಆ ಪುಟ್ಟ ಬಿಳಿ ಇಲಿ, ಓಡಿಬಂದು ಬಾಗಿಲು ತೆರೆಸುತ್ತದೆ. ಅದು ಮೆಕ್ನರ್ ಅವರದು, ಅದನ್ನೂ ತೆಗೆಯಬೇಕು. ಅದರ ಜಾಗಕ್ಕೆ ಮಾಗಡಿ ರಸ್ತೆಯಲ್ಲಿ ಯಾರನ್ನು ತರಬೇಕೆಂದು ಇನ್ನೂ ಹೊಳೆದಿಲ್ಲ.