ಟೇಬಲ್ ಮ್ಯಾಲಿನ ಟ್ಯಾಂಕು

"ರಿಟೈರ್ ಆದಮ್ಯಾಲೆ ನಿಮ್ಮನಿಯವ್ರು ಆಟಗಿ ಮಾಡ್ಕೋತ ಕೂತಾರಂತಲ್ಲ?" ಅಂತ ಮೊನ್ನೆ ಅರಿಶಿಣ-ಕುಂಕುಮಕ್ಕ ಹೋದಾಗ ಒಬ್ರು ನಕ್ಕೋತ ಕೇಳಿದ್ರು. ಮೊದಲು ನಾನೂ ಹಂಗ ಅಂದಾಕಿನ.

ಅದು 1942ರಾಗ ಜರ್ಮನಿಯವ್ರು ಯುದ್ಧಕ್ಕ ಇಳಿಸಿದ ಟೈಗರ್ ಟ್ಯಾಂಕು. ಖರೇದು ಸುಮಾರು 57 ಟನ್. ನಮ್ಮನ್ಯಾಗಿಂದು ಅದರ ಹದಿನಾರರಾಗ ಒಂದು ಪಾಲು, ತೂಫು ಸೇರಿ ಅರ್ಧ ಮೀಟರಿಗಿಂತ ಸ್ವಲ್ಪ ಉದ್ದ. ರಿಮೋಟ್ ಒತ್ತಿದ್ರ ಓಡ್ತದ. ಸ್ಟೇರಿಂಗ್ ಇಲ್ಲ, ಎರಡು ಪಟ್ಟಿಗೆ ಎರಡು ಮೋಟರ್. ಒಂದು ನಿಂತ್ರ ಆ ಕಡೆ ತಿರುಗ್ತದ. ಗಾಲಿ ಒಂದರ ಹಿಂದೊಂದು ಹೆಣಕೊಂಡಾವ. ಒಳಗಿಂದು ತಪ್ಪಿತಂದ್ರ ಹೊರಗಿನ್ವೆಲ್ಲಾ ಬಿಚ್ಚಬೇಕು, ಸ್ವೆಟರ್ ಬಿಚ್ಚಿದಂಗ.

ಒಂದಿನ ತಿರುಗೋವಾಗ ಪಟ್ಟಿ ಕಳಚಿ ಬಿತ್ತು. "ರೀ, ಸಡ್ಲಾಗೇದ, ಹೊಲಿಗಿ ಮಷಿನ್ ಬೆಲ್ಟ್ ಹಂಗ. ಹಿಂದಿನ ಗಾಲಿ ಸ್ವಲ್ಪ ಹಿಂದಕ್ಕ ಸರಸ್ರಿ" ಅಂದೆ. ಸರಿ ಆತು! ನಾಕು ತಿಂಗಳಿಂದ ಗ್ವಾಡಿ ನೋಡ್ಕೋತ ಮೂಗರಂಗ ಕೂತವ್ರು ಅವತ್ತು ನಕ್ರು. ಆಮ್ಯಾಲೆ ರೊಕ್ಕದ ಮಾತು ನಾನು ಎತ್ತಿಲ್ಲ.

ಆದ್ರ ಒಂದು ಮಾತು. ಅವರ ಟೇಬಲ್ ಮಂದಿ ಬಂದ್ರೂ ಯಾರೂ ಮುಟ್ಟಂಗಿಲ್ಲ. ನನ್ನ ಹೊಲಿಗಿ ಮಷಿನ್ ಮಾತ್ರ ಇಪ್ಪತ್ತು ವರ್ಷದಿಂದ ಮೆಟ್ಟಲ ಕೆಳಗ! ಗಂಡಸರ ಹವ್ಯಾಸಕ್ಕ ಜಾಗ ಕೊಡೂಣು, ಬೈಯೋದು ಬ್ಯಾಡ. ಹಂಗ ನಮಗೂ ಒಂದು ಟೇಬಲ್ ಬೇಕಲ್ಲವಾ?

ನಿನ್ನೆ ನನ್ನ ಮಷಿನ್ ತಂದು ಟ್ಯಾಂಕಿನ ಬಾಜೂಕ ಇಟ್ಟೇನಿ. ಇವ್ರು ಎಣ್ಣಿ ಬಿಟ್ಟು ಕೊಟ್ರು. ಊಟದ ಹೊತ್ತಿಗೆ ಇಬ್ರೂ ಏಳೋದು, ಇಬ್ರೂ ಬಡಿಸ್ಕೊಳ್ಳೋದು ಅಂತ ಠರಾವಾಗೇದ. ನೀವೂ ನಿಮ್ಮ ಮಷಿನ್ ಹೊರಗ ತಗೀರವಾ.